ಅಂಗಡಿಗೆ ಒಂದು ವರ್ಷ ಆಯ್ತು, ಇಷ್ಟು ಜನಕ್ಕೆ ಥ್ಯಾಂಕ್ಸ್ ಹೇಳೋದು ಬಾಕಿ ಇತ್ತು

ನಾಳೆ ಬರೆಯುವಾ ನಾಡಿದ್ದು ಬರೆಯುವಾ ಅಂತ ಮುಂದೆ ಹಾಕ್ತಾ ಹಾಕ್ತಾ ಮತ್ತೊಂದು ಆಯುಧಪೂಜೆ ಬಂದೇ ಬಿಡ್ತು. 2023ರ ಆಯುಧಪೂಜೆ ದಿನ ಬೆಳಿಗ್ಗೆ, ಕುಮಟೆಯಿಂದ ಅಘನಾಶಿನಿ ಊರಿಗೆ ಹೋಗೋ ದಾರಿಲಿ, ಹೊಳೆ ಒಡ್ಡಿಗೆ ಇಳಿಯೋ ತಿರುವಿನ ಹತ್ರ, ಹಂಚಿನ ಮಾಡಿನ ಒಂದು ಜಗಲಿ, ಎರಡು ಹಲಗೆ, ಒಂದು ಪಂಪು, ಮಾರೋಕೆ ಅಂತ ಆರು ಸೈಕಲ್ಲು, ಬಾಡಿಗೆಗೆ ನಾಲ್ಕು, ಇಷ್ಟು ಇಟ್ಕಂಡು ಬಾಗಿಲು ತೆಗೆದಿದ್ದೆ. ಇವತ್ತಿಗೂ ಬಾಗಿಲು ತೆಗೆದೇ ಇದೆ. ಅದಕ್ಕೆ ಕಾರಣ ಆದವರಿಗೆಲ್ಲ ಹೇಳಬೇಕಾದ್ದು ಹೇಳ್ತಾ ಇದೀನಿ. ಹೆಸರು ಯಾರದ್ದೂ ಹಾಕಲ್ಲ, ಅವರಿಗೆಲ್ಲ ಅದು ಇಷ್ಟ ಆಗಲ್ಲ, ಆದ್ರೆ ಓದಿದ ಕೂಡ್ಲೇ ಇದು ನಾನೇ ಅಂತ ಅವರಿಗೆ ಗೊತ್ತಾಗ್ತದೆ.

ಗೊತ್ತಿಲ್ಲದವರಿಗೆ ಆ ಒಡ್ಡಿನ ದಾರಿ ಬಗ್ಗೆ ಸ್ವಲ್ಪ ಹೇಳ್ತೀನಿ. ಅಘನಾಶಿನಿ ಶಿರಸಿ ಶಂಕರ ಹೊಂಡದಲ್ಲಿ ಹುಟ್ಟಿ, ಉಂಚಳ್ಳಿಲಿ ಧುಮುಕಿ, ಎಲ್ಲೂ ಒಂದು ಡ್ಯಾಮ್ ಇಲ್ಲದೇ ನಮ್ಮ ತನಕ ಬಂದು, ಆಚೆ ತದಡಿ ಈಚೆ ಅಘನಾಶಿನಿ ಊರು, ಇವೆರಡರ ಮಧ್ಯ ಸಮುದ್ರ ಸೇರ್ತದೆ. ಸೇರೋ ಮೊದಲು ಅಗಲ ಆಗಿ ಗಜನಿ, ಅಂದ್ರೆ ಉಬ್ಬರದ ನೀರು ಮುಟ್ಟೋ ತಗ್ಗು ಗದ್ದೆ ಬಯಲು, ಆಗ್ತದೆ. ಉಪ್ಪುನೀರು ನುಗ್ಗಬಾರ್ದು ಅಂತ ಗಜನಿಗೆ ಕಟ್ಟಿದ ಮಣ್ಣಿನ ಒಡ್ಡು, ನಾವು ಖಾರ್‌ಲ್ಯಾಂಡ್ ಅಂತೀವಲ್ಲ, ಅದರ ಮೇಲಿನ ದಾರಿನೇ ನಮ್ಮ ಸೈಕಲ್ ದಾರಿ. ಒಂದು ಕಡೆ ಉಪ್ಪುನೀರು ತಡ್ಕಳೋ ಕಗ್ಗ ಭತ್ತ, ಇನ್ನೊಂದು ಕಡೆ ಕಾಂಡ್ಲಾ (ಮ್ಯಾಂಗ್ರೋವ್) ಗಿಡ, ಇಳಿತ ಇದ್ದಾಗ ಸೊಂಟದ ಮಟ್ಟ ನೀರಲ್ಲಿ ಬಳಚು (ಚಿಪ್ಪಿನ ಮೀನು) ತೆಗೆಯೋ ಹೆಂಗಸ್ರು. ಮಳೆಗಾಲ ಮುಗಿದು ಕಗ್ಗ ಹಣ್ಣಾಗೋ ಹೊತ್ತಿಗೆ ಬೆಳಿಗ್ಗೆ ಆರೂವರೆಗೆ ಆ ದಾರಿಲಿ ಸೈಕಲ್ ತುಳಿದ್ರೆ ಆ ಗಾಳಿಲಿ ಭತ್ತದ್ದೂ ಕೆಸರಿಂದೂ ಉಪ್ಪಿಂದೂ ಮೂರೂ ವಾಸನೆ ಒಟ್ಟಿಗೆ ಬರ್ತದೆ. ನಾನು ಬೆಂಗಳೂರಲ್ಲಿ ಒಂಬತ್ತು ವರ್ಷ ಇದ್ದೆ, ನಿದ್ದೆಗಣ್ಣಲ್ಲಿ ನೆನಪಾಗ್ತಿದ್ದದ್ದು ಆ ವಾಸನೆ ಒಂದೇ.

ಮೊದಲನೇ ಥ್ಯಾಂಕ್ಸ್ ಅಮ್ಮ ಮತ್ತು ಅಮ್ಮನ ಸಂಘದ ಹನ್ನೊಂದು ಜನಕ್ಕೆ. ಒಂದು ಬ್ಯಾಂಕಿಗೆ ನಾಲ್ಕು ಸಲ ಹೋಗಿದ್ದೆ. ಹಳ್ಳಿಲಿ ಸೈಕಲ್ ಅಂಗಡಿ ಯಾರಿಗೆ ಬೇಕು, ಎಲ್ಲರ ಹತ್ರನೂ ಸ್ಕೂಟಿ ಇದೆಯಲ್ಲ ಅಂತ ಫೈಲು ವಾಪಸ್ ಕೊಟ್ರು. ಆ ದಿನ ಮನೆಗೆ ಬಂದು ಊಟನೂ ಮಾಡದೇ ಮಲಗಿದ್ದೆ. ಅಮ್ಮ ನಂಗೆ ಎಂತದೂ ಹೇಳದೇ ವಾರದ ಮೀಟಿಂಗಲ್ಲಿ ವಿಷಯ ಇಟ್ಟಿದ್ರು, ಆ ಹನ್ನೊಂದು ಜನರಲ್ಲಿ ನಾಲ್ಕು ಜನ ಮಗಳ ಮದುವೆಗೆ, ಮನೆ ಮಾಡಿಗೆ ಅಂತ ಸಾಲ ತಗಳೋ ಸರದಿಲಿ ಇದ್ದವರು, ಅವರೇ ಮುಂದೆ ಬಂದು ಈ ಸಲ ಹುಡುಗ ತಗಳ್ಲಿ ನಮ್ದು ಆರು ತಿಂಗಳು ತಡ ಆದ್ರೂ ಅಡ್ಡಿಲ್ಲ ಅಂದ್ರಂತೆ. ಇದು ನಂಗೆ ಗೊತ್ತಾಗಿದ್ದು ಅಂಗಡಿ ಶುರುವಾಗಿ ಎರಡು ತಿಂಗಳ ಮೇಲೆ. ಕೊನೇ ಕಂತು ಹೋದ ತಿಂಗಳು ಕಟ್ಟಿದೆ. ದುಡ್ಡು ವಾಪಸ್ ಹೋಯ್ತು, ಆದ್ರೆ ಆ ಆರು ತಿಂಗಳನ್ನ ಹೇಗೆ ವಾಪಸ್ ಕೊಡೋದು ಅಂತ ನಂಗೆ ಇನ್ನೂ ಗೊತ್ತಾಗಿಲ್ಲ.

ಆಮೇಲೆ ಮಿಸ್ತ್ರಿ ಅಜ್ಜ. ಇವರ ಬಗ್ಗೆ ಸ್ವಲ್ಪ ಉದ್ದ ಬರೀತೀನಿ, ಬೇಜಾರು ಮಾಡ್ಕಬೇಡಿ.

ನಂಗೆ ಸೈಕಲ್ ಓಡಿಸೋದು ಗೊತ್ತಿತ್ತು, ಗೇರ್ ಸೆಟ್ ಮಾಡೋದು, ಡಿಸ್ಕ್ ಬ್ರೇಕ್ ಪ್ಯಾಡ್ ಹಾಕೋದು ಎಲ್ಲ ಬೆಂಗಳೂರಲ್ಲಿ ಕಲಿತಿದ್ದೆ. ಆದ್ರೆ ಊರಲ್ಲಿ ರಿಪೇರಿಗೆ ಬರೋ ಸೈಕಲ್ಲೇ ಬೇರೆ. ಮೀನು ಮಾರೋರ ಹಳೇ ಕರಿ ಸೈಕಲ್ಲು, ಮುಂದಿನ ಚಕ್ರಕ್ಕೆ 32 ಕಡ್ಡಿ (ಸ್ಪೋಕ್) ಹಿಂದಿಂದಕ್ಕೆ 40, ಕ್ಯಾರಿಯರ್ ಮೇಲೆ ಮೂವತ್ತು ನಲವತ್ತು ಕೇಜಿ ಐಸು ಮೀನು ಹೊತ್ತು ಹೊತ್ತು ಹಿಂದಿನ ರಿಮ್ಮು ಹಪ್ಪಳ ಆಗಿರ್ತದೆ. ಇನ್ನೊಂದಿಷ್ಟು ಶಾಲೆ ಸೈಕಲ್ಲು. 2006-07ರಲ್ಲಿ ಸರ್ಕಾರ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡೋಕೆ ಶುರು ಮಾಡಿದ್ಮೇಲೆ ನಮ್ಮ ಕಡೆ ಸುಮಾರು ಮನೆಲಿ ಒಂದೊಂದು ಇದ್ದೇ ಇದೆ, ಅಕ್ಕಂದು ತಂಗಿಗೆ, ತಂಗಿದು ತಮ್ಮಂಗೆ ಅಂತ ಕೈ ಬದಲಾಗಿ ಕೊನೆಗೆ ಕೊಟ್ಟಿಗೆಲಿ ಸೌದೆ ಹಿಂದೆ ತುಕ್ಕು ಹಿಡ್ಕಂಡು ಕೂತಿರ್ತದೆ. ಮೊದಲ ವಾರ ಒಬ್ರು ಹಿಂದಿನ ಚಕ್ರ ತಂದುಕೊಟ್ರು, ಇಡೀ ದಿನ ಕೂತು ತಿರುಗಿಸಿದೆ, ಒಂದು ಕಡೆ ಸರಿ ಮಾಡಿದ್ರೆ ಇನ್ನೊಂದು ಕಡೆ ಬಳುಕ್ತದೆ, ಸಂಜೆಗೆ ಎರಡು ಕಡ್ಡಿ ಮುರೀತು, ಅವರು ಬೈಲಿಲ್ಲ, ಸುಮ್ನೆ ಚಕ್ರ ಹೆಗಲಿಗೆ ಹಾಕ್ಕಂಡು ಹೋದ್ರು. ಮರುದಿನ ಬೆಳಿಗ್ಗೆ ಅದೇ ಚಕ್ರ ಹಿಡ್ಕಂಡು, ಕೋಲು ಊರ್ಕಂಡು ಅಜ್ಜ ಬಂದ್ರು.

ನಲವತ್ತು ವರ್ಷಕ್ಕೂ ಮೇಲೆ ಸೈಕಲ್ ರಿಪೇರಿ ಮಾಡಿದವರು, ಕಣ್ಣಿಗೆ ಪೊರೆ ಬಂದು ಆಪರೇಷನ್ ಆದ್ರೂ ಒಂದು ಕಣ್ಣು ಪೂರ್ತಿ ಹೋಗಿ ಅಂಗಡಿ ಮುಚ್ಚಿದ್ರು. ಬಂದವರು ಕೂತ್ಕಂಡು ಚಕ್ರನ ತೊಡೆ ಮೇಲೆ ಇಟ್ಕಂಡು ಒಂದೊಂದೇ ಕಡ್ಡಿನ ಉಗುರಲ್ಲಿ ಮೀಟಿದ್ರು. ಟಿಂಗ್ ಟಿಂಗ್ ಟಿಂಗ್ ಟಕ್. ಆ ಟಕ್ ಅಂತ ಬಂದದ್ದು ಸಡಿಲ ಇರೋದು, ತೀರಾ ಚೂಪು ದನಿ ಬಂದ್ರೆ ಅದು ಬಿಗಿ ಜಾಸ್ತಿ ಆದದ್ದು, ಬಲಗಡೆದು ಅರ್ಧ ಸುತ್ತು ಬಿಗಿ ಮಾಡೋ ಮೊದಲು ಅದರ ಎದುರಿಂದು ಎಡಗಡೆದು ಕಾಲು ಸುತ್ತು ಬಿಡು, ಒಂದೇ ಸಲಕ್ಕೆ ಸರಿ ಮಾಡ್ತೀನಿ ಅಂತ ಹೋಗ್ಬೇಡ, ಚಕ್ರಕ್ಕೂ ಟೈಮ್ ಕೊಡು ಅಂತ ಹೇಳಿದ್ರು. ಆವತ್ತಿಂದ ಮೂರು ತಿಂಗಳು ದಿನಾ ಬೆಳಿಗ್ಗೆ ಹತ್ತಕ್ಕೆ ಬಂದು ಹನ್ನೆರಡಕ್ಕೆ ಹೋಗ್ತಿದ್ರು. ಒಂದು ರೂಪಾಯಿ ತಗಳ್ಲಿಲ್ಲ. ಒಂದು ಲೋಟ ಚಾ, ಅದೂ ಸಕ್ಕರೆ ಇಲ್ದೇ. ಉಪ್ಪು ಗಾಳಿಲಿ ಗ್ರೀಸ್ ಹೇಗೆ ಗಟ್ಟಿ ಆಗ್ತದೆ, ಚಕ್ರದ ನಡುವಿನ ಹಬ್ಬಿನ (ಹಬ್) ಗುಂಡುಗಳನ್ನ ಸೀಮೆಎಣ್ಣೆಲಿ ತೊಳೆದು ಬೆಳಕಿಗೆ ಹಿಡಿದ್ರೆ ಕಪ್ಪು ಚುಕ್ಕಿ ಕಾಣೋದನ್ನ ಯಾಕೆ ಎಸೀಬೇಕು, ಮಳೆಗಾಲದಲ್ಲಿ ಚೈನಿಗೆ ಎಣ್ಣೆ ಹಾಕೋ ಮೊದಲು ನೀರು ಪೂರ್ತಿ ಒಣಗಿರ್ಬೇಕು ಇಲ್ಲಾಂದ್ರೆ ಎಣ್ಣೆ ಅಡಿಲೇ ತುಕ್ಕು ಕೂರ್ತದೆ ಅನ್ನೋದು, ಇವೆಲ್ಲ ಯಾವ ವಿಡಿಯೋದಲ್ಲೂ ನಂಗೆ ಹೀಗೆ ಅರ್ಥ ಆಗಿರ್ಲಿಲ್ಲ. ಸಂಕ್ರಾಂತಿ ದಿನ ತಮ್ಮ ಕಡ್ಡಿ ಚಾವಿ, ಕಡ್ಡಿ ಬಿಗಿ ಮಾಡೋದು, ತಂದು ಕೈಲಿ ಇಟ್ರು, ಹಿಡಿಯೋ ಜಾಗ ಸವೆದು ಅವರ ಹೆಬ್ಬೆರಳಿನ ಆಕಾರ ಆಗಿದೆ. ನಂಗೆ ಆಗ ಮಾತೇ ಬರ್ಲಿಲ್ಲ ಅಜ್ಜ, ಇವತ್ತು ಇಲ್ಲಿ ಹೇಳ್ತಾ ಇದೀನಿ.

ಬಳಚು ತೆಗೆಯೋ ಅಕ್ಕಂದಿರಿಗೆ ಹೇಗೆ ಥ್ಯಾಂಕ್ಸ್ ಹೇಳೋದು. ನಮ್ಮ ದಾರಿಲಿ ಪಂಚರ್ ಆಗೋದೇ ಹೆಚ್ಚಾಗಿ ಬಳಚಿನ ಚಿಪ್ಪಿಂದ, ಅರ್ಧ ಒಡೆದ ಚಿಪ್ಪು ಕೆಸರಲ್ಲಿ ಅಂಚು ಮೇಲೆ ಮಾಡಿ ನಿಂತ್ರೆ ಬ್ಲೇಡ್ ಇದ್ದ ಹಾಗೆ, ಟಯರಿನ ಪಕ್ಕ ಸೀಳಿ ಬಿಡ್ತದೆ, ಪ್ಯಾಚ್ ಹಾಕಿದ್ರೂ ನಿಲ್ಲಲ್ಲ. ಡಿಸೆಂಬರಲ್ಲಿ ಒಂದೇ ವಾರಕ್ಕೆ ಶಾಲೆ ಮಕ್ಕಳದ್ದು ಹದಿನಾಲ್ಕು ಪಂಚರ್ ಬಂತು. ನಾನು ಯಾರಿಗೂ ಎಂತದೂ ಹೇಳಿರ್ಲಿಲ್ಲ, ಅವರ ಹೊಟ್ಟೆಪಾಡು ಅದು, ತಲೆತಲಾಂತರದಿಂದ ಅವರ ಹೊಳೆ, ನಾನು ಎಂತ ಹೇಳೋದು. ಆದ್ರೆ ಒಬ್ಬ ಅಕ್ಕ ಅಂಗಡಿ ಮುಂದೆ ಬುಟ್ಟಿ ಇಳಿಸಿ ನೀರು ಕುಡೀತಾ ಮಕ್ಕಳ ಸಾಲು ನೋಡಿದ್ರು, ಯಾಕೆ ಅಂತ ಕೇಳಿದ್ರು, ಅಷ್ಟೇ. ಮುಂದಿನ ವಾರದಿಂದ ಚಿಪ್ಪು ರಾಶಿ ಹಾಕೋ ಜಾಗ ಒಡ್ಡಿನಿಂದ ಕೆಳಗೆ ಹೋಯ್ತು, ದಾರಿ ಮೇಲೆ ಬಿದ್ದಿದ್ದನ್ನೂ ಯಾರೋ ಗುಡಿಸಿದ್ರು. ತಲೆ ಮೇಲೆ ಬುಟ್ಟಿ ಭಾರ ಹೊತ್ತವರು ಇನ್ನೂ ಐವತ್ತು ಹೆಜ್ಜೆ ಜಾಸ್ತಿ ನಡೀತಿದಾರೆ, ಮಕ್ಕಳ ಟಯರಿಗೋಸ್ಕರ. ಈ ಐವತ್ತು ಹೆಜ್ಜೆನ ನಾನು ದಿನಾ ನೋಡ್ತೀನಿ ಅಕ್ಕ.

ತದಡಿ ಬೋಟಿನ ಅಣ್ಣಂದು ಇನ್ನೊಂದು ಕತೆ. ಗೋವಾ ಕಡೆಯಿಂದ ಸೈಕಲಲ್ಲಿ ಬರೋರು ಗೋಕರ್ಣ ನೋಡ್ಕಂಡು ತದಡಿಗೆ ಬಂದು ಬೋಟಲ್ಲಿ ಸೈಕಲ್ ಹಾಕ್ಕಂಡು ಅಘನಾಶಿನಿಗೆ ದಾಟ್ತಾರೆ, ಹೈವೇ ಸುತ್ತು ತಪ್ತದೆ. ಬೋಟಿನ ಅಣ್ಣ ನಾನು ಕೇಳೋ ಮೊದಲೇ ಎಲ್ಲರಿಗೂ ಈಚೆ ದಡದಲ್ಲಿ ಅಂಗಡಿ ಇದೆ ಅಂತ ಹೇಳ್ತಿದ್ರು. ಫೆಬ್ರವರಿಲಿ ಒಂದಿನ ಮಧ್ಯಾಹ್ನ ಫೋನ್ ಮಾಡಿ ಆಚೆ ದಡದಲ್ಲಿ ಒಬ್ರು ಹಿಂದಿನ ಚಕ್ರದ ಮೂರು ಕಡ್ಡಿ ಮುರ್ಕಂಡು ಕೂತಿದಾರೆ, ಬಿಸಿಲಿಗೆ ಸುಸ್ತಾಗಿದಾರೆ, ಎದ್ದು ಬರೋ ಸ್ಥಿತಿಲಿ ಇಲ್ಲ ಅಂದ್ರು. ನಾನು ಚಕ್ರ ಮಾತ್ರ ಬಿಚ್ಚಿಸಿ ಕಳಿಸಿ ಅಂದೆ. ಮುಂದಿನ ಟ್ರಿಪ್ಪಲ್ಲಿ ಮೀನಿನ ಬುಟ್ಟಿ, ಒಂದು ಮೋಟರ್ ಸೈಕಲ್ಲು, ಶಾಲೆ ಬಿಟ್ಟ ಮಕ್ಕಳ ಮಧ್ಯ ಒಂದು ಚಕ್ರ ಒಂದೇ ಹೊಳೆ ದಾಟಿ ಬಂತು. ದಡದಲ್ಲೇ ಕೂತು ಕಡ್ಡಿ ಹಾಕಿ ಸರಿ ಮಾಡಿ ಎರಡು ಟ್ರಿಪ್ ಬಿಟ್ಟು ವಾಪಸ್ ಕಳಿಸಿದೆ. ಬೋಟಿನವರು ಆ ಚಕ್ರಕ್ಕೆ ಟಿಕೆಟ್ ತಗಳ್ಲಿಲ್ಲ. ಆ ಸವಾರರು ಸಂಜೆ ದಾಟಿ ಬಂದು ನಮ್ಮ ಮನೆಲಿ ಉಳ್ಕಂಡ್ರು, ಹೋಗೋವಾಗ ತಮ್ಮ ಕಿಟ್ಟಿನಿಂದ ಒಂದು ಸಣ್ಣ ಹಿತ್ತಾಳೆ ಅಡಾಪ್ಟರ್ ತೆಗೆದು ಕೊಟ್ರು. ನಮ್ಮ ಕಡೆ ಪಂಪಿಗೆ ಊರ ಸೈಕಲ್ಲಿನ ವಾಲ್ವೂ, ಬೈಕ್ ಕಾರಿಗೆ ಇರೋ ಶ್ರೇಡರ್ ವಾಲ್ವೂ ಹೊಂದ್ತದೆ, ದೂರ ಹೋಗೋ ಸೈಕಲ್ಲಿನ ತೆಳ್ಳಗಿನ ಪ್ರೆಸ್ಟಾ ವಾಲ್ವಿಗೆ ಗಾಳಿನೇ ಹೋಗಲ್ಲ, ಅದಕ್ಕೆ ಆ ಅಡಾಪ್ಟರ್ ಬೇಕು. ಹೊಸತು ತಗಂಡ್ರೆ ದೊಡ್ಡ ದುಡ್ಡಲ್ಲ, ಆದ್ರೆ ಬೇಕಾದ ದಿನ ಇರ್ಬೇಕಲ್ಲ. ಆಮೇಲೆ ಇಪ್ಪತ್ತಕ್ಕೂ ಹೆಚ್ಚು ಜನ ಅದರಿಂದ ಗಾಳಿ ಹಾಕಿಸ್ಕಂಡು ಮುಂದೆ ಹೋಗಿದಾರೆ.

2024ರ ಜನವರಿ ಕೊನೇಲಿ ನಮ್ಮ ಅಳಿವೆಗೆ ಜಗತ್ತಿನ ಮುಖ್ಯ ಜೌಗು ಜಾಗಗಳ ರಾಮ್ಸರ್ ಪಟ್ಟಿಲಿ ಜಾಗ ಸಿಕ್ತು, 4801 ಹೆಕ್ಟೇರ್. ಆಮೇಲೆ ಹಕ್ಕಿ ನೋಡೋಕೆ ಬರೋರು ಬಾಡಿಗೆ ಸೈಕಲ್ ಕೇಳ್ಕಂಡು ಬಂದ್ರು. ಕಾರು ರಸ್ತೆಲೇ ಬಿಟ್ಟು ಸೈಕಲಲ್ಲಿ ಒಡ್ಡಿಗೆ ಇಳಿದ ಎಲ್ಲರಿಗೂ, ಕಗ್ಗದ ಗದ್ದೆಗೆ ಕಾಲು ಇಡಬೇಡಿ ಅಂದಾಗ ಮಾತು ಕೇಳಿದ್ದಕ್ಕೆ, ದೊಡ್ಡ ಥ್ಯಾಂಕ್ಸ್.

ಮಳೆಗಾಲದ ಬಗ್ಗೆ ಬರೀಬೇಕೋ ಬೇಡವೋ ಅಂತ ಯೋಚನೆ ಮಾಡ್ದೆ. ಜುಲೈ 16ಕ್ಕೆ ಅಂಕೋಲೆ ಶಿರೂರಲ್ಲಿ ಗುಡ್ಡ ಕುಸಿದು ಹೋದ ಜೀವಗಳ ಮುಂದೆ ನನ್ನ ಅಂಗಡಿ ಕಷ್ಟ ಎಂತದೂ ಅಲ್ಲ, ಆ ಮನೆಗಳ ನೆನಪು ಮಾಡ್ಕಂಡೇ ಮುಂದಿನ ಮಾತು ಬರೀತಿದೀನಿ. ಹೈವೇ ಬಂದ್ ಆಗಿ ಹುಬ್ಬಳ್ಳಿಯಿಂದ ಬರ್ಬೇಕಿದ್ದ ಟಯರು ಟ್ಯೂಬು ದಾರಿಲೇ ನಿಂತ್ತು. ಅದೇ ಟೈಮಲ್ಲಿ ಒಂದು ರಾತ್ರಿ ಭರತದ (ಉಬ್ಬರದ) ಹೊತ್ತಿಗೆ ಮಳೆನೂ ಸೇರಿ ಹೊಳೆ ನೀರು ಅಂಗಡಿ ಮೆಟ್ಟಿಲು ಹತ್ತಿತು. ನಾನು ಜ್ವರ ಬಂದು ಮನೆಲಿ ಮಲಗಿದ್ದೆ, ಫೋನ್ ಆಫ್. ಬೆಳಿಗ್ಗೆ ಹೆದರ್ಕಂಡು ಓಡಿ ಬಂದ್ರೆ ಅಂಗಡಿ ಖಾಲಿ. ಒಂದು ಕ್ಷಣ ಎದೆ ನಿಂತೇ ಹೋಯ್ತು. ಮೇಲೆ ನೋಡಿದ್ರೆ ಜಗಲಿ ಕೊಟ್ಟ ಮನೆಯವರ ಅಟ್ಟದ ಮೇಲೆ ಅಷ್ಟೂ ಸೈಕಲ್ಲು, ಟೂಲ್ಸ್ ಪೆಟ್ಟಿಗೆ, ಬಿಲ್ ಪುಸ್ತಕ ಸಮೇತ, ಸಾಲಾಗಿ. ರಾತ್ರಿ ಎರಡು ಗಂಟೆಗೆ ಅವರು, ಅವರ ಮಗ, ಪಕ್ಕದ ಮನೆ ಇಬ್ರು ಹುಡುಗ್ರು ಸೇರಿ ಬೀಗ ಒಡೆದು ಹೊತ್ತಿದ್ರಂತೆ. ಬೀಗ ಒಡೆದದ್ದಕ್ಕೆ ಅವರೇ ನಂಗೆ ಸಾರಿ ಕೇಳಿದ್ರು. ಆ ತಿಂಗಳು ಬಾಡಿಗೆ ಕೊಡೋಕೆ ಹೋದ್ರೆ ಮಳೆ ನಿಲ್ಲಲಿ ಅಂದ್ರು, ಮಳೆ ನಿಂತ್ಮೇಲೆ ಹೋದ್ರೆ ಚೌತಿ ಆಗ್ಲಿ ಅಂದ್ರು, ಚೌತಿನೂ ಆಯ್ತು, ಇನ್ನೂ ತಗಂಡಿಲ್ಲ. ಟ್ಯೂಬು ಖಾಲಿ ಆದಾಗ ಕಾರವಾರದಲ್ಲಿ ಕೆಲಸ ಮಾಡೋ ನಮ್ಮೂರ ಹುಡುಗ ರೈಲಲ್ಲಿ ಬರೋವಾಗ ಬ್ಯಾಗ್ ತುಂಬ ಟ್ಯೂಬ್ ತುಂಬ್ಕಂಡು ಬಂದ, ತನ್ನ ಬಟ್ಟೆ ಕೈಲಿ ಪ್ಲಾಸ್ಟಿಕ್ ಚೀಲದಲ್ಲಿ ಹಿಡ್ಕಂಡು. ತಮ್ಮಾ, ನೀನು ಮಾಡಿದ್ದು ನಂಗೆ ಸಣ್ಣದಲ್ಲ.

ಶಾಲೆ ಮಕ್ಕಳಿಗೆ. ಕೊಟ್ಟಿಗೆಯಿಂದ ಹೊರಗೆ ಬಂದ ಹಳೇ ಸೈಕಲ್ಲು ಇಲ್ಲಿ ತನಕ ಮೂವತ್ತೊಂದು. ಒಬ್ಬ ಹುಡುಗಿ ದಿನಾ ಸಂಜೆ ಬಂದು ತನ್ನ ಸೈಕಲ್ಲು ತಾನೇ ಬಿಚ್ಚಿ ತಾನೇ ಜೋಡಿಸಿದ್ಲು, ಹದಿನೇಳು ದಿನ ತಗಂಡ್ಲು, ಈಗ ಅವಳ ಕ್ಲಾಸಿನ ಪಂಚರೆಲ್ಲ ಅವಳೇ ಹಾಕ್ತಾಳೆ, ಸಲ್ಯೂಷನ್ ಮಾತ್ರ ನನ್ನ ಹತ್ರ ತಗಂಡು ಹೋಗ್ತಾಳೆ. ಅವಳಿಗೆ ಈ ಸಲ ಪೂಜೆಗೆ ಒಂದು ಟಯರ್ ಲಿವರ್ ಸೆಟ್ ಕೊಟ್ಟೆ.

ಹೆಂಡತಿಗೆ ಥ್ಯಾಂಕ್ಸ್ ಹೇಳಿದ್ರೆ ಅವಳಿಗೆ ಸಿಟ್ಟು ಬರ್ತದೆ. ಸಿಟಿಲಿ ಸಂಬಳ ಬರೋ ಕೆಲಸ ಬಿಟ್ಟು ಬರುವಾ ಅಂದಾಗ ಅವಳು ಕೇಳಿದ್ದು ಒಂದೇ ಪ್ರಶ್ನೆ, ಮಳೆಗಾಲದಲ್ಲಿ ಊಟಕ್ಕೆ ಆಗ್ತದಾ ಅಂತ. ಆಗಲ್ಲ ಅನ್ನಿಸ್ತದೆ ಅಂದೆ. ಹಾಗಾದ್ರೆ ಮಳೆಗಾಲ ನಂದು ಅಂದ್ಲು. ಜೂನಿಂದ ಸೆಪ್ಟೆಂಬರ್ ತನಕ ನಾಲ್ಕು ತಿಂಗಳು ಅವಳ ಹೊಲಿಗೆ ಮೆಷಿನ್ನಲ್ಲೇ ಮನೆ ನಡೀತು.

ಇವತ್ತು ಬೆಳಿಗ್ಗೆ ಪೂಜೆಗೆ ಎಲ್ಲರೂ ಬಂದಿದ್ರು. ಹಲಗೆ ಮೇಲೆ ಪಂಪು, ಸ್ಪ್ಯಾನರು, ಆ ಹಿತ್ತಾಳೆ ಅಡಾಪ್ಟರು, ಮಧ್ಯ ಅಜ್ಜನ ಕಡ್ಡಿ ಚಾವಿ, ಮೇಲೆ ಚೆಂಡು ಹೂ. ಅಜ್ಜನ ಹಳೇ ಕರಿ ಸೈಕಲ್ಲನ್ನ ಅವರಿಗೆ ಗೊತ್ತಾಗದ ಹಾಗೆ ಅವರ ಮನೆಯಿಂದ ತಂದು, ಎರಡೂ ಚಕ್ರ ಬಿಚ್ಚಿ ಕಡ್ಡಿ ಎಲ್ಲ ಹೊಸತು ಹಾಕಿ, ಹದಿನೈದು ದಿನ ರಾತ್ರಿ ಕೂತು ಸರಿ ಮಾಡಿ ಇಟ್ಟಿದ್ದೆ. ಅಜ್ಜ ಬಂದವರು ಸೀಟು ಮುಟ್ಟಿದ ಕೂಡ್ಲೇ ಅದು ತಮ್ಮದು ಅಂತ ಗೊತ್ತಾಯ್ತು, ಸ್ವಲ್ಪ ಹೊತ್ತು ಹ್ಯಾಂಡಲ್ ಹಿಡ್ಕಂಡು ಸುಮ್ನೆ ನಿಂತ್ರು. ಆಮೇಲೆ ಕೂತು ಹಿಂದಿನ ಚಕ್ರ ಮೆಲ್ಲಗೆ ತಿರುಗಿಸ್ತಾ ಉಗುರಲ್ಲಿ ಮೀಟ್ತಾ ಬಂದ್ರು, ನಲವತ್ತು ಕಡ್ಡಿ, ಯಾರೂ ಮಾತಾಡ್ಲಿಲ್ಲ. ಕೊನೆಗೆ ಒಂದು ಕಡೆ ಬೆರಳು ನಿಲ್ಲಿಸಿ, "ಎಡಗಡೆ ಇದೊಂದು ಸಡ್ಲ ಅದೆ ನೋಡು" ಅಂದ್ರು. ಹೌದು, ಇತ್ತು. ಹೂವಿನ ಅಡಿಯಿಂದ ಚಾವಿ ತಗಂಡು ಕಾಲು ಸುತ್ತು ಬಿಗಿ ಮಾಡ್ದೆ.