ತಂತಿ ಇರಲಿ, ಕ್ರಾಪ್ ಮಾಡಬೇಡ

ಪ್ರೀತಿಯ ಗೆಳೆಯಾ,

ನೀನು ಕೇಳಿದ್ದ ಜೈಸಲ್ಮೇರ್ ಫೋಟೋಗಳನ್ನು ಕಳಿಸಿದ್ದೇನೆ. ಅವುಗಳಲ್ಲಿ ಒಂದು ನಿನಗೆ ಅಷ್ಟಾಗಿ ಹಿಡಿಸದೇ ಇರಬಹುದು. ಅದರಲ್ಲಿ ಎರೆಭೂತ ಹಕ್ಕಿ ತೀರಾ ಚಿಕ್ಕದಾಗಿ ಕಾಣುತ್ತೆ, ಹಿಂದೆ ಕರೆಂಟಿನ ತಂತಿಗಳು ಅಡ್ಡಡ್ಡ ಹಾದು ಹೋಗಿವೆ. ತಂತಿಯನ್ನು ಬೇಕೆಂದೇ ಉಳಿಸಿದ್ದೇನೆ. ಯಾಕೆ ಅಂತ ಮುಂದೆ ಬರೆಯುತ್ತೇನೆ.

ಬೆಳಕು ಹರಿಯುವ ಮೊದಲೇ ಹೊರಟಿದ್ದೆವು. ಡಿಸೆಂಬರ್ ಚಳಿ, ತೆರೆದ ಜೀಪು. ಮರಳುಗಾಡು ಅಂದ ಕೂಡಲೇ ಎಲ್ಲರಿಗೂ ನೆನಪಾಗೋದು ಮರಳಿನ ದಿಬ್ಬ, ಅಲ್ವಾ? ಇಲ್ಲಿನ ಡೆಸರ್ಟ್ ನ್ಯಾಷನಲ್ ಪಾರ್ಕ್ 3,162 ಚದರ ಕಿಲೋಮೀಟರ್ ಇದೆ. ದಿಬ್ಬಗಳು ಅದರಲ್ಲಿ ಒಂದು ಪಾಲು ಮಾತ್ರ. ಉಳಿದದ್ದು ಕಲ್ಲುನೆಲ, ಸೇವಣ ಹುಲ್ಲು, ಎಕ್ಕದ ಗಿಡ, ಅಲ್ಲೊಂದು ಇಲ್ಲೊಂದು ಖೇಜಡಿ. ಖೇಜಡಿ ಅಂದರೆ ನಮ್ಮ ಬನ್ನಿ ಮರವೇ. ಹಕ್ಕಿಗಳು ಜಾಸ್ತಿ ಇರುವುದು ಈ ಹುಲ್ಲು, ಕಲ್ಲುನೆಲದಲ್ಲೇ.

ಮೊದಲು ಸಿಕ್ಕಿದ್ದು ಕ್ರೀಮ್ ಕಲರ್ಡ್ ಕೋರ್ಸರ್ ಅನ್ನೋ ಹಕ್ಕಿ. ನೆಲದ ಬಣ್ಣವೇ ಅದರ ಮೈಬಣ್ಣ. ನಿಂತರೆ ಮಾಯ, ಓಡಿದರೆ ಮಾತ್ರ ಕಣ್ಣಿಗೆ ಬೀಳುತ್ತೆ. ಹತ್ತು ಹೆಜ್ಜೆ ಓಡುತ್ತೆ, ಗಕ್ಕನೆ ನಿಲ್ಲುತ್ತೆ, ಕತ್ತು ನೆಟ್ಟಗೆ ಮಾಡುತ್ತೆ, ಬಗ್ಗಿ ಹುಳು ಹೆಕ್ಕುತ್ತೆ, ಮತ್ತೆ ಓಟ. ನಾನು ಜೀಪಿನಿಂದ ಇಳಿದು ನೆಲಕ್ಕೆ ಎದೆ ತಾಗಿಸಿ ಮಲಗಿದೆ. ಲೆನ್ಸಿನ ಕೆಳಗೆ ಅಕ್ಕಿ ತುಂಬಿದ ಬಟ್ಟೆ ಚೀಲ. ನಾನು ಅಲುಗಾಡದೆ ಇದ್ದಾಗ ಹಕ್ಕಿಯೇ ಸ್ವಲ್ಪ ಸ್ವಲ್ಪ ಹತ್ತಿರ ಬಂತು. ಕಣ್ಣಿನ ಹಿಂದಿನಿಂದ ಕತ್ತಿನವರೆಗೆ ಒಂದು ಬಿಳಿ ಗೆರೆ, ಅದಕ್ಕೆ ಅಂಟಿಕೊಂಡೇ ಒಂದು ಕಪ್ಪು ಗೆರೆ. ಕಾಡಿಗೆ ಹಚ್ಚಿದ ಹಾಗೆ ಅಷ್ಟು ಸ್ಪಷ್ಟ. ತಿಳಿ ಬಣ್ಣದ ನೆಲ ಕ್ಯಾಮೆರಾವನ್ನು ಏಮಾರಿಸುತ್ತೆ, ಚಿತ್ರ ಕಪ್ಪಾಗುತ್ತೆ. ಎಕ್ಸ್‌ಪೋಷರ್ ಒಂಚೂರು ಏರಿಸಿಕೊಂಡರೆ ಸರಿಹೋಗುತ್ತೆ.

ಬಿಸಿಲು ಸ್ವಲ್ಪ ಏರಿದ ಮೇಲೆ ದನಗಳ ನೀರಿನ ತೊಟ್ಟಿಯ ಹತ್ತಿರ ಕಾದೆವು. ಪಾರಿವಾಳದಂಥ ಸ್ಯಾಂಡ್‌ಗ್ರೌಸ್ ಹಕ್ಕಿಗಳು ಗುಂಪುಗುಂಪಾಗಿ ಕೂಗಿಕೊಂಡೇ ಬಂದವು. ದೂರದಲ್ಲಿಳಿದು, ಸುತ್ತ ನೋಡಿ, ನಡೆದು ಬಂದು ಗಬಗಬ ನಾಲ್ಕು ಗುಟುಕು ಕುಡಿದು ಎದ್ದುಬಿಟ್ಟವು. ಮರಿಗಳಿರುವ ಕಾಲದಲ್ಲಿ ಗಂಡುಹಕ್ಕಿ ತೊಟ್ಟಿಯಲ್ಲಿ ಹೊಟ್ಟೆ ಅದ್ದುತ್ತೆ. ಹೊಟ್ಟೆಯ ಗರಿಗಳಲ್ಲಿರುವ ಸುರುಳಿ ಎಳೆಗಳು ನೀರು ಹೀರಿಕೊಳ್ಳುತ್ತವೆ. ಆ ನೀರನ್ನು ಎಷ್ಟೋ ದೂರ ಹೊತ್ತು ತರುತ್ತೆ, ಮರಿಗಳು ಗರಿ ಚೀಪಿ ಕುಡಿಯುತ್ತವೆ. ಅದನ್ನು ನೋಡೋಕೆ ಬೇಸಿಗೆಯಲ್ಲಿ ಇನ್ನೊಮ್ಮೆ ಬರಲೇಬೇಕು.

ಹತ್ತು ಗಂಟೆ ದಾಟಿದರೆ ಚಳಿಗಾಲದಲ್ಲೂ ಬಿಸಿಲುಗುದುರೆ ಶುರು. ಎಂಥಾ ಲೆನ್ಸ್ ಹಾಕಿದರೂ ದೂರದ ಹಕ್ಕಿ ನೀರಿನೊಳಗಿದ್ದಂತೆ ಕದಲುತ್ತೆ. ಮಧ್ಯಾಹ್ನವೆಲ್ಲ ರಣಹದ್ದುಗಳನ್ನು ನೋಡುತ್ತಾ ಕಳೆಯಿತು.

ಇಳಿಹೊತ್ತಿಗೆ ಪಾರ್ಕಿನ ಸುದಾಸರಿ ಕಡೆ ಎರೆಭೂತ ಕಂಡಿತು. ಗ್ರೇಟ್ ಇಂಡಿಯನ್ ಬಸ್ಟರ್ಡ್, ಇಲ್ಲಿಯವರ ಗೋಡಾವಣ್, ರಾಜಸ್ಥಾನದ ರಾಜ್ಯಪಕ್ಷಿ. ಸುಮಾರು ಒಂದು ಮೀಟರ್ ಎತ್ತರ, ಬಿಳಿ ಕತ್ತು, ತಲೆ ಮೇಲೆ ಕಪ್ಪು ಟೋಪಿ. ಗಂಡು 15 ಕಿಲೋ ತೂಗಬಲ್ಲದು. ಅವಸರವೇ ಇಲ್ಲದ ನಡಿಗೆ. ಚಾಲಕ ಜೀಪನ್ನು ಅಲ್ಲೇ ನಿಲ್ಲಿಸಿದ, ಇನ್ನೂ ಹತ್ತಿರ ಹೋಗೋಣ ಅಂತ ಯಾರೂ ಕೇಳಲಿಲ್ಲ. ಅದು ಹುಲ್ಲಿನಲ್ಲಿ ನಡೆದು ಹೋಗುವಾಗಲೇ ಆ ಫೋಟೋ ತೆಗೆದದ್ದು.

ಲೋಕದಲ್ಲಿ ಈ ಹಕ್ಕಿ ಬಯಲಿನಲ್ಲಿ ಸ್ವತಂತ್ರವಾಗಿ ಉಳಿದಿರೋದು ಸುಮಾರು 150 ಮಾತ್ರ, ಅದರಲ್ಲಿ ಹೆಚ್ಚಿನವು ಈ ಸೀಮೆಯಲ್ಲೇ. ಸಾಮಾನ್ಯವಾಗಿ ಒಂದು ಸಲಕ್ಕೆ ಇಡೋದು ಒಂದೇ ಮೊಟ್ಟೆ, ಅದೂ ಬರಿ ನೆಲದ ಮೇಲೆ. ಕಣ್ಣುಗಳು ತಲೆಯ ಪಕ್ಕಕ್ಕಿರೋದರಿಂದ ಹಾರುವಾಗ ಎದುರಿನದು ಸರಿಯಾಗಿ ಕಾಣೋದಿಲ್ಲ. ತಂತಿ ಕಂಡರೂ ಇಷ್ಟು ಭಾರದ ಮೈಯನ್ನು ತಟ್ಟನೆ ತಿರುಗಿಸೋಕೆ ಆಗೋದಿಲ್ಲ. ಸೋಲಾರ್, ಗಾಳಿ ವಿದ್ಯುತ್ತಿಗೆಂದು ಇಲ್ಲಿ ತಂತಿಗಳು ಬೆಳೆಯುತ್ತಲೇ ಇವೆ. 2021ರಲ್ಲಿ ಸುಪ್ರೀಂ ಕೋರ್ಟ್ ತಂತಿಗಳನ್ನು ನೆಲದಡಿ ಹಾಕಿ ಎಂದಿತ್ತು. 2024ರಲ್ಲಿ ಆ ಆದೇಶವನ್ನು ಸಡಿಲಿಸಿ ತಜ್ಞರ ಸಮಿತಿ ಮಾಡಿತು. ನಮಗೆ ಸೋಲಾರ್ ಬೇಕು, ಬೇಡ ಅನ್ನುವವನು ನಾನಲ್ಲ. ಆದರೆ ಇದನ್ನೆಲ್ಲ ಪಾಳುಭೂಮಿ ಅಂತ ಲೆಕ್ಕ ಹಾಕಿ ಕಂಬ ನೆಡುವುದು ತಪ್ಪು. ಇದು ಬಂಜರಲ್ಲ, ಹುಲ್ಲುಗಾವಲು. ತಂತಿ ಅಳಿಸಿ ಹಕ್ಕಿಯನ್ನಷ್ಟೇ ತೋರಿಸಿದರೆ ಫೋಟೋ ಚೆನ್ನಾಗಿ ಕಾಣುತ್ತೆ, ನಿಜ. ಆದರೆ ಆ ಹಕ್ಕಿ ಬದುಕ್ತಿರೋದು ಆ ತಂತಿಗಳ ನಡುವೆ.

ಭರವಸೆಯ ಸುದ್ದಿಯೂ ಇದೆ. 2019ರಿಂದ ಜೈಸಲ್ಮೇರ್ ಹತ್ತಿರದ ಸಮ್ ಎಂಬಲ್ಲಿ ಎರೆಭೂತದ ಸಂತಾನಾಭಿವೃದ್ಧಿ ಕೇಂದ್ರ ನಡೆಯುತ್ತಿದೆ. 2024ರ ಅಕ್ಟೋಬರ್‌ನಲ್ಲಿ ಅಲ್ಲಿ ಕೃತಕ ಗರ್ಭಧಾರಣೆಯಿಂದ ಒಂದು ಮರಿ ಹುಟ್ಟಿತು. ಓದಿದ ದಿನ ನನಗಾದ ಖುಷಿ ಅಷ್ಟಿಷ್ಟಲ್ಲ.

ನಿನಗೊಂದು ಮಾತು. ನಿಮ್ಮ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಎರೆ ಹೊಲಗಳಲ್ಲೂ ಬೆರಳೆಣಿಕೆಯಷ್ಟು ಎರೆಭೂತಗಳು ಉಳಿದಿವೆ. ಹೋಗುವ ಮುಂಚೆ ಅರಣ್ಯ ಇಲಾಖೆಯವರನ್ನು ಕೇಳು, ಹೊಲದ ರೈತರ ಜೊತೆ ಕೂತು ಮಾತಾಡು. ಮೊಟ್ಟೆಯ ಕಾಲದಲ್ಲಂತೂ ಬೇಡವೇ ಬೇಡ. ಕಂಡರೆ ಫೋಟೋ ಹಾಕು, ಜಾಗದ ಗುರುತು ಮಾತ್ರ ಹಾಕಬೇಡ, ಫೋನಿನ ಲೊಕೇಶನ್ ಕೂಡ ಆಫ್ ಮಾಡಿರು. ರಜೆ ಯಾವಾಗ ಅಂತ ತಿಳಿಸಿದರೆ ನಾನೂ ಬರುತ್ತೇನೆ.

ನಿನ್ನ
ಗೆಳೆಯ