ಜಾನಿ ಕ್ಯಾಶ್ ಕವರ್ ಹಾಡುಗಳು: ಮತ ಹಾಕುವ ಮುನ್ನ ಮೂಲ ಕೇಳಿ

ಮಾನ್ಯರೆ,

ಅಮೆರಿಕದ ಕಂಟ್ರಿ ಗಾಯಕ ಜಾನಿ ಕ್ಯಾಶ್ ಹಾಡಿದ ಬೇರೆಯವರ ಹಾಡುಗಳಲ್ಲಿ, ಅಂದರೆ ಕವರ್‌ಗಳಲ್ಲಿ, ಯಾವುದು ಮೇಲು ಎಂಬ ಚರ್ಚೆ ಕೆಲವು ವಾರಗಳಿಂದ ನಿಮ್ಮ ಓದುಗರ ಅಂಕಣದಲ್ಲಿ ನಡೆಯುತ್ತಿದೆ. ಬಂದ ಪತ್ರಗಳಲ್ಲಿ ಹೆಚ್ಚಿನವು ‘ಹರ್ಟ್’ ಹಾಡನ್ನು ಮೊದಲ ಸ್ಥಾನದಲ್ಲಿ ಕೂರಿಸಿಬಿಟ್ಟು, ಎರಡನೆಯದು ಯಾವುದು ಎಂಬುದಕ್ಕಷ್ಟೇ ಜಗಳವಾಡಿವೆ. ನನ್ನ ತಕರಾರು ಆ ಮೊದಲ ಸ್ಥಾನದ ಬಗ್ಗೆಯೇ. ‘ಹರ್ಟ್’ ಕಳಪೆ ಎನ್ನುತ್ತಿಲ್ಲ. ಆದರೆ ಅದಕ್ಕೆ ಬೀಳುತ್ತಿರುವ ಮತಗಳು ಬಹುಪಾಲು ಅದರ ವಿಡಿಯೊಗೆ ಸೇರಬೇಕಾದವು.

ಹಾಡು ಬಂದದ್ದು ಕ್ಯಾಶ್ ನಿರ್ಮಾಪಕ ರಿಕ್ ರೂಬಿನ್ ಜೊತೆ ಮಾಡಿದ ‘ಅಮೆರಿಕನ್’ ಸರಣಿಯ ನಾಲ್ಕನೇ ಆಲ್ಬಮ್‌ನಲ್ಲಿ, 2002ರಲ್ಲಿ. ಮಾರ್ಕ್ ರೊಮಾನೆಕ್ ನಿರ್ದೇಶಿಸಿದ ವಿಡಿಯೊ ಬಂದದ್ದು 2003ರಲ್ಲಿ. ಮುಚ್ಚಿ ಪಾಳುಬಿದ್ದಿದ್ದ ‘ಹೌಸ್ ಆಫ್ ಕ್ಯಾಶ್’ ಮ್ಯೂಸಿಯಂ, ನಡುಗುವ ಕೈ, ಮೆಟ್ಟಿಲ ಮೇಲೆ ನಿಂತು ಗಂಡನನ್ನೇ ನೋಡುವ ಜೂನ್ ಕಾರ್ಟರ್. ಅದೇ ವರ್ಷ ಮೇ 15ರಂದು ಜೂನ್ ತೀರಿಕೊಂಡರು, ಸೆಪ್ಟೆಂಬರ್ 12ರಂದು ಕ್ಯಾಶ್. ಇಷ್ಟು ಗೊತ್ತಿದ್ದವರ ಕಣ್ಣು ಒದ್ದೆಯಾಗದೆ ಇದ್ದೀತೆ? ಮೂಲ ಹಾಡು ಬರೆದ, ನೈನ್ ಇಂಚ್ ನೈಲ್ಸ್ ತಂಡದ ಟ್ರೆಂಟ್ ರೆಝ್ನರ್ ಅವರಿಗೆ ‘ಇದು ಇನ್ನು ನನ್ನ ಹಾಡಲ್ಲ’ ಅನಿಸಿತಂತೆ ಎಂಬುದನ್ನು ಅಭಿಮಾನಿಗಳು ಅಂತಿಮ ತೀರ್ಪಿನ ಹಾಗೆ ಎತ್ತಿ ಹಿಡಿಯುತ್ತಾರೆ. ಹಾಗನಿಸಿದ್ದು ವಿಡಿಯೊ ನೋಡಿದ ಮೇಲೆ. ಮೊದಲು ಬರೀ ಹಾಡು ಕೇಳಿದಾಗ ಅವರಿಗೆ ಆದದ್ದು ಕಸಿವಿಸಿ.

ಹಾಗಾಗಿ ಪರದೆ ಆಫ್ ಮಾಡಿ, 1994ರ ಮೂಲವನ್ನೂ ಕ್ಯಾಶ್ ಹಾಡನ್ನೂ ಒಂದರ ಹಿಂದೊಂದು ಕೇಳಿ. ಮೂಲದ ಚರಣದಲ್ಲಿ ಗಿಟಾರ್ ‘ಬಿ’ ಸ್ವರದ ಕಾರ್ಡ್‌ಗೆ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪಿಗೆ) ಬಂದಾಗ ಅದರ ಜೊತೆಗೇ ‘ಇ ಶಾರ್ಪ್’ ಮೊಳಗುತ್ತದೆ. ಎರಡರ ನಡುವೆ ಆರು ಅರ್ಧಸ್ವರಗಳ ಅಂತರ, ಪಾಶ್ಚಾತ್ಯರು ಟ್ರೈಟೋನ್ ಎನ್ನುವುದು ಇದನ್ನೇ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಷಡ್ಜದ ಜೊತೆಗೆ ಪ್ರತಿ ಮಧ್ಯಮವನ್ನೂ ಒತ್ತಿ ಹಿಡಿದ ಹಾಗೆ. ಸಾಲಿನ ಕೊನೆಯ ಪದಕ್ಕೆ ಸರಿಯಾಗಿ ಅದು ಬಂದು ಚುಚ್ಚುತ್ತದೆ, ಹಾಡುವವನಿಗೇ ತನ್ನ ಮಾತಿನ ಮೇಲೆ ನಂಬಿಕೆ ಇಲ್ಲವೇನೋ ಅನಿಸುತ್ತದೆ. ಕ್ಯಾಶ್ ಹಾಡಿನಲ್ಲಿ ಆ ಸ್ವರವೇ ಇಲ್ಲ. ಅಲ್ಲಿ ಚರಣದಲ್ಲಿರುವುದು ಎ ಮೈನರ್, ಸಿ, ಡಿ: ಗಿಟಾರ್ ಹಿಡಿದ ಹೊಸದರಲ್ಲೇ ಕೈಗೆ ಬರುವ ಮೂರು ಕಾರ್ಡ್‌ಗಳು. ಮೂಲ 6 ನಿಮಿಷ 13 ಸೆಕೆಂಡ್, ಇದು 3 ನಿಮಿಷ 38. ಮೂಲದ ಕೊನೆಯಲ್ಲಿ ಬರುವ ಗದ್ದಲ ಹೋಗಿ, ಒಂದೇ ಸ್ವರವನ್ನು ಬಿಡದೆ ಕುಟ್ಟುವ ಪಿಯಾನೊ ಬಂದಿದೆ. ಮೂಲ ಆಲ್ಬಮ್‌ನಲ್ಲಿ ಕಿರೀಟದ ಜೊತೆಗಿದ್ದ ಹೊಲಸು ಪದವನ್ನು ತೆಗೆದು ಅದನ್ನು ಮುಳ್ಳಿನ ಕಿರೀಟ ಮಾಡಿದ್ದಾರೆ. ಆ ಒಂದೇ ಪದದಿಂದ, ತನ್ನ ಮೇಲೇ ಹೇಸಿಕೊಂಡವನ ಹಾಡು ಕ್ರೈಸ್ತನೊಬ್ಬನ ಪಶ್ಚಾತ್ತಾಪವಾಯಿತು. ಜಾಣ ಕೆಲಸ, ಒಪ್ಪೋಣ. ಆದರೆ ಆ ಪ್ರತಿ ಮಧ್ಯಮದ ಜೊತೆಗೆ ಹಾಡಿನ ವಿಷವೂ ಇಳಿದುಹೋಯಿತು. ಈ ನಷ್ಟದ ಬಗ್ಗೆ ನಿಮ್ಮ ಅಂಕಣದಲ್ಲಿ ಒಬ್ಬರೂ ಬರೆದಿಲ್ಲ.

ಹೋಲಿಸಿ ಕೇಳುವುದಕ್ಕೂ ಒಂದು ಕ್ರಮವಿದೆ. ಎರಡರಲ್ಲಿ ಒಂದು ಹಾಡು ಒಂದೆರಡು ಡೆಸಿಬಲ್ ಜೋರಾಗಿದ್ದರೆ ಕಿವಿಗೆ ಅದು ಜೋರು ಅನಿಸುವ ಮೊದಲೇ ಚೆಂದ ಅನಿಸಿಬಿಡುತ್ತದೆ. 2000ದ ಆಸುಪಾಸಿನ ಸಿ.ಡಿ.ಗಳನ್ನು ಹಿಂದಿನವಕ್ಕಿಂತ ಜೋರಾಗಿ ಮಾಸ್ಟರ್ (ಅಂತಿಮವಾಗಿ ಸಿದ್ಧ) ಮಾಡುತ್ತಿದ್ದುದರಿಂದ, ಹಾಗೇ ಹಾಕಿ ಕೇಳಿದರೆ ಹೊಸದಕ್ಕೆ ಪುಕ್ಕಟೆ ಅಂಕ ಸಿಗುತ್ತದೆ. ಸ್ಪಾಟಿಫೈನಂಥ ಆ್ಯಪ್‌ಗಳಲ್ಲಿ ಹಾಡುಗಳನ್ನೆಲ್ಲ ಒಂದೇ ಜೋರಿಗೆ ತರುವ ವಾಲ್ಯೂಮ್ ನಾರ್ಮಲೈಸೇಶನ್ ಆನ್ ಮಾಡಿಕೊಳ್ಳಿ. ಸಿ.ಡಿ. ಆದರೆ ಹಾಡುಗಾರನ ಧ್ವನಿ ಎರಡರಲ್ಲೂ ಒಂದೇ ಮಟ್ಟದಲ್ಲಿ ಕೇಳುವಂತೆ ಕೈಯಿಂದಲೇ ಸರಿಮಾಡಿಕೊಳ್ಳಿ. ಮೊದಲ ಸಲ ಪದಗಳಿಗಾಗಿ, ಎರಡನೇ ಸಲ ಲಯಕ್ಕಾಗಿ, ಮೂರನೇ ಸಲ ಮುಕ್ತಾಯಕ್ಕಾಗಿ ಕೇಳಿ, ಪ್ರತಿ ಸಲವೂ ಕೇಳುವ ಕ್ರಮ ಅದಲುಬದಲಾಗಲಿ. ಇನ್ನೊಂದು ಎಚ್ಚರಿಕೆ: ಕ್ಯಾಶ್ 1988ರ ‘ಕ್ಲಾಸಿಕ್ ಕ್ಯಾಶ್’ ಆಲ್ಬಮ್‌ಗಾಗಿ ತಮ್ಮ ಹಳೆಯ ಹಾಡುಗಳನ್ನು ಹೊಸದಾಗಿ ಹಾಡಿದ್ದಾರೆ. ಹೆಸರು ಮಾತ್ರ ನೋಡಿ ಒತ್ತಿದರೆ 1960ರ ದಶಕದ ಹಾಡಿನ ಬದಲು ಅದು ಸಿಕ್ಕು ಮೋಸಹೋಗುತ್ತೀರಿ. ಆಲ್ಬಮ್ ಹೆಸರು, ವರ್ಷ ಎರಡನ್ನೂ ನೋಡಿ.

ಇನ್ನು ಯಾವುದನ್ನು ಕವರ್ ಎನ್ನಬೇಕು ಎಂಬ ತೊಡಕು. ‘ರಿಂಗ್ ಆಫ್ ಫೈರ್’ ಯಾರ ಪಟ್ಟಿಯಲ್ಲೂ ಇಲ್ಲ. ಜೂನ್ ಕಾರ್ಟರ್ ಮತ್ತು ಮರ್ಲ್ ಕಿಲ್ಗೋರ್ ಬರೆದ ಆ ಹಾಡನ್ನು ಮೊದಲು ಹಾಡಿ ಹೊರತಂದವರು ಜೂನ್ ಅವರ ತಂಗಿ ಅನಿತಾ ಕಾರ್ಟರ್. ಕ್ಯಾಶ್ ಅದಕ್ಕೆ ಮೆಕ್ಸಿಕೋದ ಮರಿಯಾಚಿ ಶೈಲಿಯ ಟ್ರಂಪೆಟ್ ಸೇರಿಸಿ ಹಾಡಿದ್ದು 1963ರ ಮಾರ್ಚ್‌ನಲ್ಲಿ. ಕ್ರಿಸ್ ಕ್ರಿಸ್ಟಾಫರ್‌ಸನ್ ಬರೆದ ‘ಸಂಡೇ ಮಾರ್ನಿಂಗ್ ಕಮಿಂಗ್ ಡೌನ್’ ಕೂಡ 1969ರಲ್ಲೇ ರೇ ಸ್ಟೀವನ್ಸ್ ಧ್ವನಿಯಲ್ಲಿ ಬಂದಿತ್ತು, ಕ್ಯಾಶ್ ಅವರದು 1970ರದು. ಮಾದಕದ ನಶೆಯನ್ನು ಸೂಚಿಸುವ ಪದವೊಂದನ್ನು ಬದಲಿಸಿ ಎಂದು ಟಿ.ವಿ. ವಾಹಿನಿಯವರು ಒತ್ತಾಯಿಸಿದರೂ ಅವರು ರೈಮನ್ ಸಭಾಂಗಣದ ವೇದಿಕೆಯಲ್ಲಿ ಆ ಪದವನ್ನು ಇದ್ದ ಹಾಗೇ ಹಾಡಿದರು, ಅದೇ ಧ್ವನಿಮುದ್ರಣ ಬಿಡುಗಡೆಯೂ ಆಯಿತು. ಇವೆರಡೂ ಕವರ್‌ಗಳೇ. ಶೆಲ್ ಸಿಲ್ವರ್‌ಸ್ಟೀನ್ ಬರೆದ ‘ಎ ಬಾಯ್ ನೇಮ್ಡ್ ಸೂ’ ಕವರ್ ಅಲ್ಲ, ಅದು ಮೊದಲು ಬಿಡುಗಡೆಯಾದದ್ದೇ ಕ್ಯಾಶ್ ಧ್ವನಿಯಲ್ಲಿ. 1969ರ ಫೆಬ್ರುವರಿ 24ರಂದು ಸ್ಯಾನ್ ಕ್ವೆಂಟಿನ್ ಜೈಲಿನಲ್ಲಿ ಕ್ಯಾಶ್ ಅದನ್ನು ಹಾಡಿದ್ದು ಕಾಗದ ನೋಡಿಕೊಂಡು. ‘ಫಾಲ್ಸಮ್ ಪ್ರಿಸನ್ ಬ್ಲೂಸ್’ ಕಥೆ ಬೇರೆಯೇ. ಅದರ ಧಾಟಿ ಮತ್ತು ಎಷ್ಟೋ ಸಾಲುಗಳು ಗಾರ್ಡನ್ ಜೆಂಕಿನ್ಸ್ ಅವರ 1953ರ ಹಾಡೊಂದರವು. ಕೊನೆಗೆ ಕ್ಯಾಶ್ ಸುಮಾರು 75,000 ಡಾಲರ್ ತೆತ್ತು ರಾಜಿಯಾಗಬೇಕಾಯಿತು. ಅದನ್ನು ಪಟ್ಟಿಯಿಂದ ಹೊರಗಿಡುವುದೇ ವಾಸಿ.

ಅಳತೆಗೋಲು ಬೇಕಿದ್ದರೆ ಅಮೆರಿಕದ ಕಾನೂನಿನಲ್ಲೇ ಇದೆ. ಹಾಡೊಂದು ಮೊದಲ ಸಲ ಮುದ್ರಣವಾಗಿ ಹೊರಬರಲು ಹಕ್ಕುದಾರರ ಒಪ್ಪಿಗೆ ಬೇಕು. ಒಮ್ಮೆ ಬಂದ ಮೇಲೆ ನಿಗದಿತ ಶುಲ್ಕ ಕಟ್ಟಿ ಯಾರು ಬೇಕಾದರೂ ಹಾಡಿ ಬಿಡುಗಡೆ ಮಾಡಬಹುದು, ತಮ್ಮ ಶೈಲಿಗೆ ಹೊಂದಿಸಿಕೊಳ್ಳಲೂಬಹುದು. ಮೂಲ ಧಾಟಿಯನ್ನೂ ಹಾಡಿನ ಸ್ವರೂಪವನ್ನೂ ಮಾತ್ರ ಕೆಡಿಸುವಂತಿಲ್ಲ. 1909ರಿಂದ ಇರುವ ಏರ್ಪಾಡು ಇದು. ಬರೆದವರು ಯಾರು ಎನ್ನುವುದಕ್ಕಿಂತ ಮೊದಲು ಬಿಡುಗಡೆಯಾದದ್ದು ಯಾರ ಧ್ವನಿಯಲ್ಲಿ ಎಂದು ನೋಡಿದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಕ್ಯಾಶ್ ಕವರ್‌ಗಳು ಎಲ್ಲಿ ಗೆದ್ದವು, ಎಲ್ಲಿ ಸೋತವು ಎಂಬುದಕ್ಕೆ ಒಳ್ಳೆಯ ಪಾಠ 1983ರ ‘ಜಾನಿ 99’ ಆಲ್ಬಮ್‌ನಲ್ಲಿದೆ. ಇದನ್ನು ಯಾರೂ ಹೆಸರಿಸಿಲ್ಲ. ಬ್ರೂಸ್ ಸ್ಪ್ರಿಂಗ್‌ಸ್ಟೀನ್ ನಾಲ್ಕು ಟ್ರ್ಯಾಕ್‌ನ ಕ್ಯಾಸೆಟ್ ರೆಕಾರ್ಡರ್ ಇಟ್ಟುಕೊಂಡು ಒಬ್ಬರೇ ಹಾಡಿಕೊಂಡ ‘ನೆಬ್ರಾಸ್ಕ’ದ ಎರಡು ಹಾಡುಗಳನ್ನು ಕ್ಯಾಶ್ ಇಲ್ಲಿ ಸ್ಟುಡಿಯೊ ವಾದ್ಯವೃಂದದೊಂದಿಗೆ ಹಾಡಿದ್ದಾರೆ. ಧ್ವನಿ ಗಟ್ಟಿಯಾಗಿಯೇ ಇದೆ. ವಾದ್ಯಗಳು ತುಂಬಿಕೊಂಡದ್ದರಿಂದ ಹಾಡಿನ ಒಂಟಿತನ ಹಾರಿಹೋಗಿದೆ. 1994ರಲ್ಲಿ ‘ಅಮೆರಿಕನ್’ ಸರಣಿಯ ಮೊದಲ ಆಲ್ಬಮ್‌ನಲ್ಲಿ ರಿಕ್ ರೂಬಿನ್ ಮಾಡಿದ್ದು ಇದರ ತದ್ವಿರುದ್ಧ: ಒಂದು ಧ್ವನಿ, ಒಂದು ಗಿಟಾರ್, ಉಳಿದದ್ದೆಲ್ಲ ಆಚೆಗೆ.

ಅಲ್ಲಿಂದ ಮುಂದಿನವನ್ನು ಬೇಗ ಬೇಗ ನೋಡಿಬಿಡೋಣ. ಟಾಮ್ ಪೆಟಿ ಅವರ ‘ಐ ವೋಂಟ್ ಬ್ಯಾಕ್ ಡೌನ್’ನಲ್ಲಿ ಪೆಟಿ ಅವರೇ ಜೊತೆಗಿದ್ದಾರೆ, ಹಾಡು ಮಾತ್ರ ಇದ್ದಲ್ಲೇ ಇದೆ. ಯೂಟೂ ತಂಡದ ‘ಒನ್’ ಕೂಡ ಹಾಗೇ. ‘ಬ್ರಿಜ್ ಓವರ್ ಟ್ರಬಲ್ಡ್ ವಾಟರ್’ನ ಪ್ರಾಣವಿರುವುದು ಕೊನೆಯಲ್ಲಿ ತಾರಸ್ಥಾಯಿಗೆ ಏರುವುದರಲ್ಲಿ. 2002ರ ಕ್ಯಾಶ್ ಧ್ವನಿಗೆ ಆ ಏರು ದಕ್ಕದು, ಹಿಂದೆ ಫಿಯೋನಾ ಆ್ಯಪಲ್ ದನಿಗೂಡಿಸಿದರೂ ಪ್ರಯೋಜನವಾಗಿಲ್ಲ. ಡಿಪೆಷ್ ಮೋಡ್ ತಂಡದ 1989ರ ‘ಪರ್ಸನಲ್ ಜೀಸಸ್’ನಲ್ಲಿದ್ದ ವ್ಯಂಗ್ಯವನ್ನು ಕಿತ್ತು, ಅದನ್ನು ಭಕ್ತಿಗೀತೆಯ ಹಾಗೆಯೇ ಹಾಡಿದ್ದಾರೆ. ಜಾನ್ ಫ್ರುಶಿಯಾಂಟೆ ಅವರ ಅಕೂಸ್ಟಿಕ್ ಗಿಟಾರ್ ಇಲ್ಲದಿದ್ದರೆ ಅದು ನಿಲ್ಲುತ್ತಿರಲಿಲ್ಲ. ಸೌಂಡ್‌ಗಾರ್ಡನ್‌ನ ‘ರಸ್ಟಿ ಕೇಜ್’ ಬೇರೆಯ ಮಟ್ಟದ್ದು. ಪಂಜರ ಮುರಿದು ಓಡುತ್ತೇನೆಂದು ಆ ತಂಡದ ಕ್ರಿಸ್ ಕಾರ್ನೆಲ್ ಕಿರುಚಿ ಹೇಳಿದ ಪ್ರತಿಜ್ಞೆಯನ್ನು ಕ್ಯಾಶ್ 1996ರಲ್ಲಿ ಮಂದ್ರದಲ್ಲಿ, ಹೆಚ್ಚುಕಡಿಮೆ ಮಾತಾಡುವ ಹಾಗೆ ಹೇಳುತ್ತಾರೆ. ಪಂಜರ ಮುರಿಯುವುದು ಖಂಡಿತ ಎಂದು ನಂಬಿಕೆ ಬರುತ್ತದೆ.

ನನ್ನ ಮೊದಲ ಮತ ‘ದಿ ಮರ್ಸಿ ಸೀಟ್’ಗೆ. ನಿಕ್ ಕೇವ್ ಮತ್ತು ಬ್ಯಾಡ್ ಸೀಡ್ಸ್ ತಂಡದ 1988ರ ಮೂಲ 7 ನಿಮಿಷ ದಾಟುತ್ತದೆ. ವಿದ್ಯುತ್ ಕುರ್ಚಿಯಲ್ಲಿ ಸಾಯಲಿರುವ ಕೈದಿಯ ಸ್ವಗತ ಅದು. ಪಲ್ಲವಿ ಮತ್ತೆ ಮತ್ತೆ ಬರುತ್ತದೆ, ಪ್ರತಿ ಸಲವೂ ಪದಗಳು ಚೂರು ಚೂರು ಬದಲಾಗುತ್ತವೆ, ವಾದ್ಯಗಳ ಮೊರೆತ ಏರುತ್ತಲೇ ಹೋಗುತ್ತದೆ. ತಾನು ನಿರಪರಾಧಿ, ಸಾವಿಗೆ ಅಂಜುವವನಲ್ಲ ಎನ್ನುತ್ತಿದ್ದವನು ಕಟ್ಟಕಡೆಯ ಸಾಲಿನಲ್ಲಿ ತಾನು ಹೇಳಿದ್ದು ಸುಳ್ಳು ಎಂದುಬಿಡುತ್ತಾನೆ. ಮೂಲದ ಗದ್ದಲದಲ್ಲಿ ಇದು ಎಷ್ಟೋ ಜನರ ಕಿವಿಗೇ ಬೀಳುವುದಿಲ್ಲ. 2000ದಲ್ಲಿ ಕ್ಯಾಶ್ ಪಲ್ಲವಿಯ ಆವರ್ತನೆಗಳನ್ನು ಕಡಿಮೆ ಮಾಡಿ ಹಾಡನ್ನು ನಾಲ್ಕೂವರೆ ನಿಮಿಷಕ್ಕೆ ಇಳಿಸಿದರು. ಗಿಟಾರಿನಿಂದ ಶುರುವಾಗಿ ಪಿಯಾನೊ, ಆರ್ಗನ್ ಒಂದೊಂದಾಗಿ ಸೇರುತ್ತವೆ, ಒಂದು ಪದವೂ ಅವುಗಳಡಿ ಹೂತುಹೋಗುವುದಿಲ್ಲ. ಫಾಲ್ಸಮ್, ಸ್ಯಾನ್ ಕ್ವೆಂಟಿನ್ ಜೈಲುಗಳಲ್ಲಿ ಕೈದಿಗಳೆದುರೇ ಹಾಡಿದ್ದ ಧ್ವನಿ ಇದು. ಅದು ಕೈದಿಯ ಪರ ನಿಂತಿದೆ ಎಂದುಕೊಂಡೇ ಕೇಳುತ್ತಾ ಬಂದವರಿಗೆ ಆ ಕೊನೆಯ ಸಾಲು ಕಾಲ ಕೆಳಗಿನ ನೆಲವನ್ನೇ ಜಾರಿಸುತ್ತದೆ. ಆ ಸಾಲನ್ನು ಅದಕ್ಕಾಗಿ ತಿದ್ದಬೇಕಾಗಲಿಲ್ಲ.

ಕೊನೆಗೊಂದು ಸಲಹೆ. ‘ಅಮೆರಿಕನ್’ ಸರಣಿಯ 2006ರ ಐದನೇ ಆಲ್ಬಮ್ ಮತ್ತು 2010ರ ಆರನೆಯದರಲ್ಲಿರುವ ಹಾಡುಗಳಿಗೆ ಬೇರೆ ಪಟ್ಟಿ ಮಾಡಿ. ಗಾರ್ಡನ್ ಲೈಟ್‌ಫುಟ್ ಅವರ ‘ಇಫ್ ಯು ಕುಡ್ ರೀಡ್ ಮೈ ಮೈಂಡ್’ ಆ ಐದನೆಯದರಲ್ಲಿದೆ. ಕ್ಯಾಶ್ ಹಾಡಿಟ್ಟು ಹೋದ ಧ್ವನಿಗೆ ಅಂತಿಮ ವಾದ್ಯಸಂಯೋಜನೆ ಕೂಡಿದ್ದು ಅವರು ತೀರಿಕೊಂಡ ಮೇಲೆ, ಹೌದು ಅಲ್ಲ ಎನ್ನಲು ಅವರಿರಲಿಲ್ಲ. ಉಳಿದವುಗಳಲ್ಲಿ ನನ್ನ ಕ್ರಮ: ‘ಮರ್ಸಿ ಸೀಟ್’, ‘ರಸ್ಟಿ ಕೇಜ್’, ‘ಸಂಡೇ ಮಾರ್ನಿಂಗ್’. ‘ಹರ್ಟ್’ಗೆ ನಾಲ್ಕನೆಯ ಸ್ಥಾನ.

ಇಂತಿ,
ಒಬ್ಬ ಕೇಳುಗ