ಹತ್ತು ಮೂಟೆ ಮಣ್ಣಿನ ಲೆಕ್ಕ

ಪ್ರೀತಿಯ ಅಪ್ಪನಿಗೆ,

ನಮಸ್ಕಾರ. ಇಲ್ಲಿ ಇಂಗ್ಲೆಂಡಿನಲ್ಲಿ ನಾವು ನಾಲ್ವರೂ ಚೆನ್ನಾಗಿದ್ದೇವೆ. ಅಮ್ಮನ ಮಂಡಿನೋವು ಈಗ ಹೇಗಿದೆ?

ಮೊನ್ನೆ ಫೋನಿನಲ್ಲಿ ನೀವು ಕೇಳಿದ ಪ್ರಶ್ನೆಗೆ ನಾನು ಸರಿಯಾಗಿ ಉತ್ತರ ಕೊಡಲಿಲ್ಲ. "ಮನೆಯಲ್ಲೇ ಕಲಿಸ್ತೀನಿ ಅಂತ ಮಕ್ಕಳನ್ನ ಶಾಲೆ ಬಿಡಿಸಿ ಎರಡು ವರ್ಷ ಆಯ್ತು. ದಿನವೆಲ್ಲ ಹೊರಗೆ ಆಡ್ತಾರೆ ಅಂತೀಯ. ಕಲಿಯೋದು ಯಾವಾಗಮ್ಮ?" ಅಂದಿರಿ. ನಿಮ್ಮ ದನಿಯಲ್ಲಿ ಸಿಟ್ಟಿರಲಿಲ್ಲ, ಆತಂಕ ಇತ್ತು. ಅದಕ್ಕೇ ನಿಧಾನವಾಗಿ ಕೂತು ಬರೆಯುತ್ತಿದ್ದೇನೆ. ಮೂವತ್ತು ವರ್ಷ ಗಣಿತ ಕಲಿಸಿದವರು ನೀವು. ಲೆಕ್ಕದಿಂದಲೇ ಶುರು ಮಾಡುತ್ತೇನೆ.

ಏಪ್ರಿಲ್‌ನಲ್ಲಿ ಹಿತ್ತಲಲ್ಲಿ ಒಂದು ಪಾತಿ ಮಾಡೋಣ ಅಂತ ಹೊರಟೆವು. ನಾಲ್ಕು ಹಲಗೆ ಜೋಡಿಸಿ ಚೌಕಟ್ಟು ಮಾಡಬೇಕು. ಎರಡು ಮೀಟರ್ ಉದ್ದ, ಒಂದು ಮೀಟರ್ ಅಗಲ, 25 ಸೆಂಟಿಮೀಟರ್ ಎತ್ತರ. ಹಲಗೆ ಅಳೆದು ಗೆರೆ ಹಾಕಿದ್ದು ದೊಡ್ಡವಳು. ಅವಳಿಗೀಗ ಹತ್ತು. ಚಿಕ್ಕವನಿಗೆ ಏಳು, ಮೊಳೆ ಕೊಡುವುದು ಅವನ ಕೆಲಸ. ಗರಗಸ ಅವರಪ್ಪನ ಕೈಯಲ್ಲಿ. ಜೋಡಿಸಿದ ಮೇಲೆ ನೋಡಿದರೆ ಚೌಕಟ್ಟು ಒಂದು ಕಡೆಗೆ ವಾಲಿದೆ. ಉದ್ದ ಸರಿ ಇದೆ, ಅಗಲ ಸರಿ ಇದೆ, ಆದರೂ ಸೊಟ್ಟ! ಅವಳಿಗೆ ಇದು ಅರ್ಥವೇ ಆಗಲಿಲ್ಲ. ಟೇಪು ಹಿಡಿದು ಮೂಲೆಯಿಂದ ಮೂಲೆಗೆ ಅಳೆದಳು. ಒಂದು ಕರ್ಣ 228 ಸೆಂಟಿಮೀಟರ್, ಇನ್ನೊಂದು 219. "ಎರಡೂ ಒಂದೇ ಇರಬೇಕಿತ್ತಲ್ವಾ ಅಮ್ಮ?" ಅಂತ ಕೇಳಿದಳು. ಆಗ ಅವರಪ್ಪ ಒಂದು ದಾರ ತಂದು ತೋರಿಸಿದರು. ಮೂಲೆಯಿಂದ ಒಂದು ಹಲಗೆಯ ಮೇಲೆ 60 ಸೆಂಟಿಮೀಟರಿಗೆ ಗುರುತು, ಪಕ್ಕದ ಹಲಗೆಯ ಮೇಲೆ 80ಕ್ಕೆ ಗುರುತು. ಎರಡು ಗುರುತಿನ ನಡುವೆ ದಾರ ಸರಿಯಾಗಿ 100 ಬರುವ ತನಕ ಚೌಕಟ್ಟನ್ನು ತಳ್ಳಬೇಕು. ತಳ್ಳಿದರು. ಆಮೇಲೆ ಕರ್ಣ ಅಳೆದರೆ ಎರಡೂ 224ರ ಹತ್ತಿರ ಬಂತು. ಪೈಥಾಗರಸ್ ಹೆಸರನ್ನು ಅವಳು ಇನ್ನೂ ಕೇಳಿಲ್ಲ. ಕೇಳುವ ದಿನ ಅವನು ಅವಳಿಗೆ ಹೊಸಬ ಅನ್ನಿಸುವುದಿಲ್ಲ.

ನಿಜವಾಗಿ ನಾನು ಹೇಳಬೇಕು ಅಂದುಕೊಂಡದ್ದು ಮರುದಿನದ ಕತೆ. ಪಾತಿಗೆ ಎಷ್ಟು ಮಣ್ಣು ಬೇಕು? ಮೂಟೆಯ ಮೇಲೆ 50 ಲೀಟರ್ ಅಂತ ಬರೆದಿತ್ತು. ದೊಡ್ಡವಳು ಬೇಗ ಬೇಗ ಗುಣಿಸಿದಳು. ಎರಡು ಗುಣಿಸು ಒಂದು ಗುಣಿಸು ಇಪ್ಪತ್ತೈದು, ಒಟ್ಟು ಐವತ್ತು. "ಒಂದೇ ಮೂಟೆ ಸಾಕು!" ಅಂದಳು. ನಿಮಗೆ ತಪ್ಪು ಎಲ್ಲಿದೆ ಅಂತ ಆಗಲೇ ಗೊತ್ತಾಗಿರುತ್ತದೆ. ನನಗೂ ಗೊತ್ತಾಯ್ತು. ನಾಲಗೆ ತುದಿಗೆ ಬಂದ ಮಾತನ್ನು ನುಂಗಿಕೊಂಡೆ. ಅದು ಎಷ್ಟು ಕಷ್ಟ ಅಂತ ಕಲಿಸಿದವರಿಗೇ ಗೊತ್ತು. ಒಂದು ಮೂಟೆ ಸುರಿದರು. ಕುಂಟೆಯಲ್ಲಿ ಹರಡಿದರು. ತಳ ಮುಚ್ಚಿತು, ಅಷ್ಟೇ. ಚಿಕ್ಕವನು ಬೆರಳು ಇಳಿಸಿ ನೋಡಿ "ಇಷ್ಟರಲ್ಲಿ ಬೇರು ಹೇಗೆ ಇಳಿಯತ್ತೆ?" ಅಂದ. ದೊಡ್ಡವಳು ಸ್ಕೇಲು ನೆಟ್ಟು ನೋಡಿದಳು. ಎರಡೂವರೆ ಸೆಂಟಿಮೀಟರ್. ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದಳು. ಆಮೇಲೆ, "ಬೇಕಾಗಿದ್ದು 25. ಬಂದಿದ್ದು ಎರಡೂವರೆ. ಹತ್ತು ಪಟ್ಟು ಬೇಕು. ಹತ್ತು ಮೂಟೆ" ಅಂದಳು. ಆಮೇಲೆ ತಾನೇ ಕಾಗದ ತಂದು, ಮೀಟರನ್ನು ಮೀಟರಿನಿಂದ ಗುಣಿಸಿ, ಕೊನೆಗೆ ಸೆಂಟಿಮೀಟರಿನಿಂದ ಗುಣಿಸಿದ್ದೆ ಅಂತ ಕಂಡುಕೊಂಡಳು. ಅರ್ಧ ಘನ ಮೀಟರ್ ಅಂದರೆ 500 ಲೀಟರ್ ಅಂತ ಅವಳಿಗೆ ಇನ್ನು ಯಾರೂ ಬಾಯಿಪಾಠ ಮಾಡಿಸಬೇಕಾಗಿಲ್ಲ. ಆ ಹತ್ತು ಮೂಟೆಯನ್ನೂ ಕೈಗಾಡಿಯಲ್ಲಿ ತಳ್ಳಿದವಳು ಅವಳು.

ಅಪ್ಪ, ನನ್ನ ಉತ್ತರ ಇದೇ. ಅವಳ ಲೆಕ್ಕ ತಪ್ಪಾಗಿದೆ ಅಂತ ನಾನು ಹೇಳಬೇಕಾಗಲಿಲ್ಲ. ಪಾತಿಯೇ ಹೇಳಿತು. ಶಾಲೆಯಲ್ಲಿದ್ದಾಗ ಇದೇ ಹುಡುಗಿ ಉತ್ತರ ಬರೆದು, ಯಾರೂ ನೋಡುವ ಮೊದಲೇ ಅಳಿಸಿಬಿಡುತ್ತಿದ್ದಳು. ಬೆಳಿಗ್ಗೆ ಹೊಟ್ಟೆನೋವು ಅನ್ನುತ್ತಿದ್ದಳು. ನಿಮಗೆ ಆಗ ಪೂರ್ತಿ ಹೇಳಿರಲಿಲ್ಲ. ತಪ್ಪು ಅಂದರೆ ಅವಳಿಗೆ ಅಷ್ಟು ಭಯ ಇತ್ತು. ಮಣ್ಣಿನ ಮುಂದೆ ಆ ಭಯ ಇಲ್ಲ. ಮಣ್ಣು ಬೈಯುವುದಿಲ್ಲ. ಅಕ್ಕಪಕ್ಕದವರ ಜೊತೆ ಹೋಲಿಸುವುದೂ ಇಲ್ಲ. ಇನ್ನೂ ಒಂಬತ್ತು ಮೂಟೆ ಬೇಕು ಅನ್ನುತ್ತದೆ, ಅಷ್ಟೇ.

ಮಳೆಯ ಲೆಕ್ಕವೂ ಹೀಗೇ ಬಂತು. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಹಿತ್ತಲ ಶೆಡ್ಡಿನ ಮಾಡು ಆರು ಚದರ ಮೀಟರ್. ಐದು ಮಿಲಿಮೀಟರ್ ಮಳೆ ಬಂದ ದಿನ ಪೀಪಾಯಿಗೆ 30 ಲೀಟರ್ ಬೀಳಬೇಕಿತ್ತು, 20 ಮಾತ್ರ ಬಿತ್ತು. ಉಳಿದ ಹತ್ತು ಎಲ್ಲಿ ಹೋಯ್ತು ಅಂತ ಇಬ್ಬರೂ ನೆನೆಯುತ್ತಾ ಹುಡುಕಿದರು. ಮಾಡಿನ ಅಂಚಿನಲ್ಲಿ ನೀರು ಹರಿಯುವ ದೋಣಿ ಒಂದು ಕಡೆ ಸೋರುತ್ತಿತ್ತು.

ಎಲ್ಲವೂ ಹೀಗೆ ಆಟದಲ್ಲೇ ಬರುತ್ತದೆ ಅಂತ ನಾನು ಹೇಳುವುದಿಲ್ಲ. ಮಗ್ಗಿ ಬರುವುದಿಲ್ಲ. ಕಾಗುಣಿತ ಬರುವುದಿಲ್ಲ. ಅದಕ್ಕೆ ದಿನಾ ಬೆಳಿಗ್ಗೆ ಒಂದು ಗಂಟೆ ಕೂರಿಸುತ್ತೇನೆ, ಕನ್ನಡ ಅಕ್ಷರವೂ ಅದರಲ್ಲೇ. ಮಗ್ಗಿಯನ್ನು ಮಾತ್ರ ಉಯ್ಯಾಲೆ ಜೀಕುವಾಗ ಹೇಳಿಸುತ್ತೇನೆ, ಲಯ ಚೆನ್ನಾಗಿ ಹಿಡಿಯುತ್ತದೆ. ಓದಿನ ವಿಷಯದಲ್ಲಿ ನಾನೂ ರಾತ್ರಿ ನಿದ್ದೆ ಕೆಟ್ಟಿದ್ದೇನೆ. ಚಿಕ್ಕವನು ಆರೂವರೆ ಆದರೂ ಓದುತ್ತಿರಲಿಲ್ಲ. ಫಿನ್ಲೆಂಡಿನಲ್ಲಿ ಮಕ್ಕಳು ಒಂದನೇ ತರಗತಿಗೆ ಸೇರುವುದೇ ಏಳು ತುಂಬುವ ವರ್ಷ ಅಂತ ನೆನಪಿಸಿಕೊಂಡು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಕೊನೆಗೆ ಅವನು ಓದಲು ಕೂತದ್ದು ಬೀಜದ ಪೊಟ್ಟಣ. ಎಷ್ಟು ಆಳಕ್ಕೆ ಊರಬೇಕು ಅಂತ ಅಕ್ಕ ಹೇಳಲಿಲ್ಲ, ಅದಕ್ಕೆ.

ಆಟದ ಬಗ್ಗೆಯೂ ಕೇಳಿದ್ದಿರಿ. ಅವರು ಸುಮ್ನೆ ಅಲೆಯುವ ಹೊತ್ತು ಜಾಸ್ತಿ, ನಿಜ. ಅದನ್ನು ನಾನು ಬೇಕಂತಲೇ ಬಿಟ್ಟಿದ್ದೇನೆ. ಕಣ್ಣಿಗೂ ಅದು ಬೇಕು. ಚೀನಾದ ಗುವಾಂಗ್‌ಜೋದಲ್ಲಿ 12 ಪ್ರಾಥಮಿಕ ಶಾಲೆಗಳಲ್ಲಿ ಒಂದು ಅಧ್ಯಯನ ನಡೆಯಿತು. ಅರ್ಧ ಶಾಲೆಗಳಲ್ಲಿ ಒಂದನೇ ತರಗತಿಯ ಮಕ್ಕಳನ್ನು ದಿನಕ್ಕೆ 40 ನಿಮಿಷ ಹೆಚ್ಚಾಗಿ ಹೊರಗೆ ಬಿಟ್ಟರು. ಮೂರು ವರ್ಷದಲ್ಲಿ ಆ ಮಕ್ಕಳಲ್ಲಿ ಹೊಸದಾಗಿ ಸಮೀಪದೃಷ್ಟಿ ಬಂದವರು ನೂರಕ್ಕೆ ಸುಮಾರು 30. ಉಳಿದ ಶಾಲೆಗಳಲ್ಲಿ ಸುಮಾರು 40. ಇದು 2015ರಲ್ಲಿ ಪ್ರಕಟವಾಯಿತು. ಮೋಡ ಕವಿದ ದಿನವೂ ಹೊರಗಿನ ಬೆಳಕು ಮನೆಯೊಳಗಿನ ಬೆಳಕಿಗಿಂತ ಎಷ್ಟೋ ಪಟ್ಟು ಜಾಸ್ತಿ. ನನಗೆ ಎಂಟನೇ ವಯಸ್ಸಿಗೇ ಕನ್ನಡಕ ಬಂದಾಗ ನೀವು ಎಷ್ಟು ಬೇಜಾರು ಮಾಡಿಕೊಂಡಿದ್ದಿರಿ ಅಂತ ನನಗೆ ನೆನಪಿದೆ.

ಮರ ಹತ್ತುತ್ತಾರೆ. ನನಗೆ ಎದೆ ಢವಢವ ಅನ್ನುತ್ತದೆ. ನಮ್ಮ ನಿಯಮ ಒಂದೇ: ನಾನು ಎತ್ತಿ ಹತ್ತಿಸುವುದಿಲ್ಲ. ತಾನೇ ಹತ್ತಿದ ಮಗುವಿಗೆ ಸಾಮಾನ್ಯವಾಗಿ ಇಳಿಯಲೂ ಬರುತ್ತದೆ. "ಹುಷಾರು, ಹುಷಾರು" ಅಂತ ಕೂಗುವುದನ್ನೂ ಬಿಟ್ಟಿದ್ದೇನೆ. "ಮುಂದಿನ ಕಾಲು ಎಲ್ಲಿಡ್ತೀಯ?" ಅಂತ ಕೇಳುತ್ತೇನೆ. ಜೂನ್‌ನಲ್ಲಿ ಚಿಕ್ಕವನು ಒಣ ಕೊಂಬೆ ಹಿಡಿದು ಬಿದ್ದ. ಮಣಿಕಟ್ಟು ಉಳುಕಿತು, ಎರಡು ವಾರ ಪಟ್ಟಿ. ನಿಮಗೆ ಆಗಲೇ ಹೇಳಲಿಲ್ಲ, ಕ್ಷಮಿಸಿ. ಈಗ ಕೊಂಬೆಯನ್ನು ಮೊದಲು ಅಲುಗಿಸಿ, ತುದಿಯಲ್ಲಿ ಎಲೆ ಇದೆಯಾ ನೋಡಿ, ಆಮೇಲೆ ಭಾರ ಹಾಕುತ್ತಾನೆ.

ಕಾನೂನಿನ ಚಿಂತೆ ಬೇಡ. ಇಂಗ್ಲೆಂಡಿನ 1996ರ ಶಿಕ್ಷಣ ಕಾಯ್ದೆಯ 7ನೇ ಸೆಕ್ಷನ್ ಪ್ರಕಾರ ಮಗುವಿಗೆ ಅದರ ವಯಸ್ಸಿಗೂ ಶಕ್ತಿಗೂ ತಕ್ಕ ಪೂರ್ಣಾವಧಿ ಶಿಕ್ಷಣ ಕೊಡಿಸುವುದು ತಂದೆತಾಯಿಯ ಹೊಣೆ. ಅದನ್ನು ಶಾಲೆಗೆ ಕಳಿಸಿ ಕೊಡಿಸಬಹುದು, ಬೇರೆ ರೀತಿಯಲ್ಲೂ ಕೊಡಿಸಬಹುದು. ಜರ್ಮನಿಯಲ್ಲಿದ್ದಿದ್ದರೆ ನಮಗೆ ಈ ದಾರಿ ಇರುತ್ತಿರಲಿಲ್ಲ. ನಾವು ಏನು ಮಾಡುತ್ತಿದ್ದೇವೆ ಅಂತ ಸ್ಥಳೀಯ ಆಡಳಿತದವರು ಕೇಳುತ್ತಾರೆ, ಅದಕ್ಕೆ ಫೋಟೊ ಸಮೇತ ಬರೆದು ಕೊಡುತ್ತೇನೆ. ಮುಂದೆ ಪರೀಕ್ಷೆಯನ್ನು ಖಾಸಗಿಯಾಗಿ ಕಟ್ಟಬಹುದು. ನಾವು ಊರಿಗೆ ವಾಪಸ್ ಬಂದರೂ, 14 ತುಂಬಿದ ಮೇಲೆ ಎನ್‌ಐಒಎಸ್ (ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ) ಮೂಲಕ ಹತ್ತನೇ ತರಗತಿ ಪರೀಕ್ಷೆ ಬರೆಯಬಹುದು.

ಈಗ ನಿಮ್ಮಿಂದ ಒಂದು ಸಹಾಯ ಬೇಕು. ಎರಡು ಸಾವಿರದ ಇನ್ನೂರು ವರ್ಷಗಳ ಹಿಂದೆ ಗ್ರೀಕ್ ಪಂಡಿತ ಎರಟೋಸ್ತನೀಸ್ ನೆರಳಿನಿಂದ ಭೂಮಿಯ ಸುತ್ತಳತೆ ಲೆಕ್ಕ ಹಾಕಿದ ಕತೆ ನಿಮ್ಮಿಂದಲೇ ನಾನು ಕೇಳಿದ್ದು. ಈಜಿಪ್ಟಿನ ಸೈಯೀನಿಯಲ್ಲಿ (ಈಗಿನ ಅಸ್ವಾನ್) ಸೂರ್ಯ ನೆತ್ತಿಯ ಮೇಲೆ ಬರುವ ದಿನ ಉತ್ತರದ ಅಲೆಕ್ಸಾಂಡ್ರಿಯದಲ್ಲಿ ಅದು ನೆತ್ತಿಯಿಂದ ಸುಮಾರು 7.2 ಡಿಗ್ರಿ ಓರೆ, ಅಂದರೆ ವೃತ್ತದ ಐವತ್ತನೇ ಒಂದು ಪಾಲು. ಹಾಗಾಗಿ ಎರಡು ಊರಿನ ನಡುವಿನ ದೂರದ ಐವತ್ತು ಪಟ್ಟು ಭೂಮಿಯ ಸುತ್ತಳತೆ. ಹೋದ ವಾರ ಮಕ್ಕಳಿಗೆ ಹೇಳಿದೆ. "ಹಾಗಾದ್ರೆ ಅಜ್ಜ ಅಲ್ಲಿ ಅಳೆದ್ರೆ, ನಾವು ಇಲ್ಲಿ ಅಳೀಬಹುದಲ್ವಾ?" ಅಂದಳು ದೊಡ್ಡವಳು.

ಸೆಪ್ಟೆಂಬರ್ 23ಕ್ಕೆ ಇಟ್ಟುಕೊಂಡಿದ್ದೇವೆ. ಸರಿಯಾಗಿ ಒಂದು ಮೀಟರಿನ ಕೋಲನ್ನು ಸಮತಟ್ಟಾದ ಜಾಗದಲ್ಲಿ ನೆಡಿ. ತೂಗುಗುಂಡು ಇಳಿಬಿಟ್ಟು ನೆಟ್ಟಗಿದೆಯಾ ನೋಡಿ. ಗಡಿಯಾರದ ಹನ್ನೆರಡನ್ನು ನಂಬಬೇಡಿ. ಹನ್ನೊಂದೂ ಮುಕ್ಕಾಲಿನಿಂದ ಹನ್ನೆರಡೂ ಮುಕ್ಕಾಲಿನ ತನಕ ಐದೈದು ನಿಮಿಷಕ್ಕೆ ನೆರಳಿನ ತುದಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಎಲ್ಲಕ್ಕಿಂತ ಗಿಡ್ಡ ನೆರಳನ್ನು ತೆಗೆದುಕೊಳ್ಳಿ. ಮೋಡ ಇದ್ದರೆ ಮರುದಿನ ಇಬ್ಬರೂ ಮಾಡೋಣ. ಇಲ್ಲಿ ನೆರಳು ಕೋಲಿಗಿಂತ ಉದ್ದ ಬರುತ್ತದೆ. ನಿಮ್ಮಲ್ಲಿ ಎಷ್ಟು ಬರಬಹುದು ಅಂತ ದೊಡ್ಡವಳು ಊಹಿಸಿ, ಚೀಟಿಯಲ್ಲಿ ಬರೆದು ಈ ಲಕೋಟೆಯೊಳಗೆ ಅಂಟಿಸಿದ್ದಾಳೆ. ಅಳೆಯುವ ತನಕ ತೆರೆಯಬಾರದಂತೆ.

ಅವಳದೇ ಒಂದು ಪ್ರಶ್ನೆಯೂ ಇದೆ. "ನಾವು ಅಜ್ಜನಿಗಿಂತ ಉತ್ತರಕ್ಕೆ ಮಾತ್ರ ಅಲ್ಲ, ಪಶ್ಚಿಮಕ್ಕೂ ಇದ್ದೀವಿ. ಅದರಿಂದ ಲೆಕ್ಕ ಕೆಡಲ್ವಾ?" ನಾನು ಉತ್ತರ ಹೇಳಿಲ್ಲ. ಅದನ್ನು ನಿಮಗೇ ಬಿಟ್ಟಿದ್ದೇನೆ. ದಯವಿಟ್ಟು ಫೋನಿನಲ್ಲಿ ಬೇಡ, ಚಿತ್ರ ಹಾಕಿ ಕನ್ನಡದಲ್ಲೇ ಬರೆದು ಕಳಿಸಿ. ಓದಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯುತ್ತದೆ, ಆದರೆ ಅವಳೇ ಓದುತ್ತಾಳೆ.

ಅಮ್ಮನಿಗೆ ನಮಸ್ಕಾರ ಹೇಳಿ.

ನಿಮ್ಮ ಪ್ರೀತಿಯ ಮಗಳು